ಹನ್ನೆರಡು ಸೆಂಟಿಮೀಟರಿನ ಅಲೆ

ಕೈಗಾ ಅಣುವಿದ್ಯುತ್ ಸ್ಥಾವರದ ಆಸುಪಾಸಿನವರನ್ನು ವಿಕಿರಣದ ಹೆಸರಿನಲ್ಲಿ ಯಾರೂ ಹೊಸದಾಗಿ ಹೆದರಿಸಬೇಕಾಗಿಲ್ಲ, ಹೊಸದಾಗಿ ಧೈರ್ಯ ಹೇಳಬೇಕಾಗಿಯೂ ಇಲ್ಲ. ಎರಡೂ ಬೇಕಾದಷ್ಟು ಆಗಿವೆ. ಶಿವರಾಮ ಕಾರಂತರು ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು 1989ರಲ್ಲಿ ಇಲ್ಲಿಂದ ಲೋಕಸಭೆಗೆ ನಿಂತದ್ದು, 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಭಾಗ ಕಳಚಿ ಬಿದ್ದದ್ದು, 2009ರಲ್ಲಿ ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರಿನಲ್ಲಿ ಟ್ರಿಟಿಯಂ ಪತ್ತೆಯಾದದ್ದು, 2018ರ ಕೊನೆಗೆ ಮೊದಲ ಘಟಕ ಒಂದೇ ಸಮನೆ 962 ದಿನ ಓಡಿ ವಿಶ್ವದಾಖಲೆ ಮಾಡಿದ್ದು ಎಲ್ಲವೂ ಇಲ್ಲಿ ಮನೆಮಾತು. ಪರಿಸರ ಸಮೀಕ್ಷೆಯ ಪ್ರಯೋಗಾಲಯದವರು ಕಾಳಿ ನದಿಯ ನೀರು, ಮೀನು, ಸುತ್ತಲ ಊರುಗಳ ಬೆಳೆ ತಂದು ಪರೀಕ್ಷೆ ಮಾಡುವುದೂ ಗೊತ್ತು. ಇಂಥ ಕಡೆ ಅಡುಗೆಮನೆಗೆ ಒಂದು ಮೈಕ್ರೋವೇವ್ ಓವನ್ ಬಂದು ಕುಳಿತರೆ, "ಕೈಗಾದಲ್ಲಿ ಇರೂದೇ ಸಾಕಾಗ್ಲಿಲ್ವೇನ್ರಾ, ಮನೆಯೊಳಗೂ ಒಂದು ಬೇಕಾ?" ಎಂಬ ಮಾತು ಬಂದೇ ಬರುತ್ತದೆ. ಅರ್ಧ ತಮಾಷೆ, ಅರ್ಧ ಅನುಮಾನ.

ಅಣುಸ್ಥಾವರ ಮತ್ತು ಓವನ್ ಒಂದೇ ಸೂರಿನಡಿ ಇದ್ದ ಉದಾಹರಣೆ ನಿಜಕ್ಕೂ ಇದೆ. 1960ರ ದಶಕದಲ್ಲಿ ಓಡಾಡಿದ ಅಮೆರಿಕದ ಸವಾನಾ ಎಂಬ ಸರಕು ಹಡಗು ಅಣುಶಕ್ತಿಯಿಂದ ನಡೆಯುತ್ತಿತ್ತು. ಅದರ ಅಡುಗೆಕೋಣೆಯಲ್ಲಿ ಆ ಕಾಲದ ಮೈಕ್ರೋವೇವ್ ಓವನ್ ಒಂದನ್ನು ಇಟ್ಟಿದ್ದರು. ಆದರೆ ಎರಡಕ್ಕೂ ನಂಟಿದ್ದದ್ದು ವಿದ್ಯುತ್ ತಂತಿಯ ಮೂಲಕ ಮಾತ್ರ. ಓವನ್ನಿನ ಹುಟ್ಟು ಬೇರೆಯೇ ಕಡೆಯದು, ಆ ಕಡೆಯೂ ಕಾರವಾರದವರಿಗೆ ಅಪರಿಚಿತವಲ್ಲ. ಟಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಚಪಲ್ ಯುದ್ಧನೌಕೆಯ ಕಂಬದತ್ತ ಒಮ್ಮೆ ತಲೆಯೆತ್ತಿ ನೋಡಿ. ಅರ್ಗಾದ ಕದಂಬ ನೌಕಾನೆಲೆಗೆ ಬಂದು ಹೋಗುವ ಹಡಗುಗಳ ನೆತ್ತಿಯ ಮೇಲೂ ಅದೇ ಕುಲದ್ದು ತಿರುಗುತ್ತಿರುತ್ತದೆ: ರಾಡಾರ್. ಹಡಗಿನ ರಾಡಾರುಗಳಲ್ಲಿ ಒಂದು ಬಗೆ ಬಳಸುವ ಅಲೆಯ ಉದ್ದ ಸುಮಾರು 10 ಸೆಂಟಿಮೀಟರು. ಓವನ್ನಿನ ಅಲೆಯ ಉದ್ದ 12 ಸೆಂಟಿಮೀಟರಿಗೆ ತುಸು ಹೆಚ್ಚು. ಬಹುತೇಕ ಅಣ್ಣತಮ್ಮಂದಿರು.

1939ರಲ್ಲಿ ಎರಡನೆಯ ಮಹಾಯುದ್ಧ ಶುರುವಾದಾಗ ಬ್ರಿಟನ್ನಿನ ಬಳಿ ರಾಡಾರ್ ಇತ್ತು. ಆದರೆ ಅದರ ಅಲೆ ಮೀಟರುಗಟ್ಟಲೆ ಉದ್ದ, ಅದನ್ನು ಬಿಡಲು ಕರಾವಳಿಯುದ್ದಕ್ಕೂ ದೈತ್ಯ ಗೋಪುರಗಳು. ವಿಮಾನದ ಮೂತಿಯೊಳಗೆ ರಾಡಾರ್ ಕೂರಬೇಕಾದರೆ ಗೇಣು ಉದ್ದಕ್ಕಿಂತ ಕಡಿಮೆಯ ಅಲೆ ಬೇಕು. ಅಂಥ ಗಿಡ್ಡ ಅಲೆಯನ್ನು ಹುಟ್ಟಿಸುವುದು ಹೊಸತೇನಾಗಿರಲಿಲ್ಲ. ಜಗದೀಶಚಂದ್ರ ಬೋಸರು 1895ರಲ್ಲೇ ಕಲ್ಕತ್ತೆಯ ಟೌನ್ ಹಾಲಿನಲ್ಲಿ, ಅದಕ್ಕಿಂತಲೂ ಗಿಡ್ಡ ಅಲೆಗಳನ್ನು ಗೋಡೆಗಳಾಚೆ ಕಳಿಸಿ ಗಂಟೆ ಬಾರಿಸಿ ಮದ್ದು ಸಿಡಿಸಿ ತೋರಿಸಿದ್ದರು. ಗೊತ್ತಿಲ್ಲದೆ ಉಳಿದದ್ದು ಆ ಅಲೆಯನ್ನು ಬಲವಾಗಿ ಹುಟ್ಟಿಸುವ ಬಗೆ.

ಬ್ರಿಟಿಷ್ ನೌಕಾಪಡೆ ಈ ಕೆಲಸವನ್ನು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಒಲಿಫಂಟ್ ಅವರ ಭೌತಶಾಸ್ತ್ರ ವಿಭಾಗಕ್ಕೆ ಒಪ್ಪಿಸಿತು. ವಿಭಾಗದ ಮುಖ್ಯರೆಲ್ಲ ಕ್ಲೈಸ್ಟ್ರಾನ್ ಎಂಬ ಕೊಳವೆಯ ಬೆನ್ನು ಹತ್ತಿದ್ದರು. ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ಎಂಬಿಬ್ಬರ ಪಾಲಿಗೆ ಬಂದದ್ದು ಬದಿಯ ಕೆಲಸ. ಆ ಬೇಸಿಗೆಯಲ್ಲಿ ವೇಲ್ಸಿಗೆ ರಜೆಗೆ ಹೋಗಿದ್ದ ರ‍್ಯಾಂಡಲ್, ಅಬರಿಸ್ಟ್‌ವಿತ್ ಊರಿನ ಪುಸ್ತಕದಂಗಡಿಯೊಂದರಲ್ಲಿ ಹೈನ್‌ರಿಶ್ ಹರ್ಟ್ಸನ ಹಳೆಯ ಪುಸ್ತಕದ ಅನುವಾದ ಕೊಂಡು ತಂದಿದ್ದ. ಹರ್ಟ್ಸ್ ಬಳಸಿದ್ದು ತುದಿಗಳ ನಡುವೆ ಕಿರಿದಾದ ಸಂದು ಬಿಟ್ಟ ತಂತಿಯ ಬಳೆ. ಬಳೆಯನ್ನು ಉದ್ದಕ್ಕೆ ಎಳೆದರೆ ಸೀಳಿರುವ ಕೊಳವೆಯಾಗುತ್ತದೆ. ಅಂಥ 6 ಕೊಳವೆಗಳನ್ನು ಒಂದೇ ತಾಮ್ರದ ಗಟ್ಟಿಯಲ್ಲಿ ಸುತ್ತಲೂ ಕೊರೆದು, ಪ್ರತಿಯೊಂದರ ಸೀಳೂ ನಡುವಿನ ಪೊಳ್ಳಿಗೆ ತೆರೆಯುವಂತೆ ಮಾಡಿದರು. ನಡುವೆ ಕಾದ ತಂತಿ, ಹೊರಗೆ ಬಲವಾದ ಅಯಸ್ಕಾಂತ. ತಂತಿಯಿಂದ ಹೊರಟ ಎಲೆಕ್ಟ್ರಾನುಗಳು ಅಯಸ್ಕಾಂತದಿಂದಾಗಿ ನೇರ ಓಡಲಾರದೆ, ಸುತ್ತು ಹಾಕುತ್ತ ಸೀಳುಗಳ ಬಾಯಿ ಸವರಿಕೊಂಡು ಹೋಗುತ್ತವೆ. ಕೊಳಲಿನ ಬಾಯಿಯ ಮೇಲೆ ಉಸಿರು ಸವರಿದಾಗ ಒಳಗೆ ನಾದ ಏಳುವಂತೆ ಇಲ್ಲಿ ಅಲೆ ಏಳುತ್ತದೆ. ತೂತಿನ ಅಳತೆ ಎಷ್ಟೋ ಅದಕ್ಕೆ ತಕ್ಕ ಸ್ವರ.

1940ರ ಫೆಬ್ರವರಿ 21ರಂದು ಅದಕ್ಕೆ ವಿದ್ಯುತ್ ಕೊಟ್ಟರು. ಗಾಳಿ ಹೀರುವ ಪಂಪಿಗೆ ಜೋಡಿಸಿದ್ದ, ಸಂದುಗಳನ್ನು ಅರಗಿನಲ್ಲಿ ಮುಚ್ಚಿದ್ದ ಒಡ್ಡು ಉಪಕರಣ ಅದು. ಬಲ ನೋಡಲು ಸಿಕ್ಕಿಸಿದ ಸಣ್ಣ ದೀಪಗಳು ಸುಟ್ಟುಹೋದವು. ದೊಡ್ಡ ದೀಪ ತಂದರು, ಅವಕ್ಕೂ ಅದೇ ಗತಿ. ಅಳೆದು ನೋಡಿದರೆ 9.8 ಸೆಂಟಿಮೀಟರಿನ ಅಲೆ, 400 ವಾಟಿನ ಬಲ. ಅಷ್ಟು ಗಿಡ್ಡ ಅಲೆಗೆ ಅದು ದೊಡ್ಡ ಬಲವೇ. ಮ್ಯಾಗ್ನೆಟ್ರಾನ್ ಎಂಬ ಹೆಸರು ಅಮೆರಿಕದ ಆಲ್ಬರ್ಟ್ ಹಲ್ 1920ರ ಸುಮಾರಿಗೇ ಇಟ್ಟದ್ದು. ಅದಕ್ಕೆ ತೂತುಗಳ ಈ ಒಡಲು ಕೊಟ್ಟದ್ದು ಬರ್ಮಿಂಗ್‌ಹ್ಯಾಮ್. ಇಂದು ಪೇಟೆಯಲ್ಲಿ ಕೊಳ್ಳುವ ಓವನ್ನಿನ ಬಲಬದಿಯ ತಗಡಿನ ಹಿಂದೆ, ಅಂಗೈಯಗಲದ ಜಾಗದಲ್ಲಿ ಕುಳಿತಿರುವುದು ಇದರ ಮೊಮ್ಮಗ.

ಕಂಡುಹಿಡಿದದ್ದು ಬ್ರಿಟನ್, ಆದರೆ ಬಾಂಬು ಬೀಳುತ್ತಿದ್ದ ದೇಶದಲ್ಲಿ ಸಾವಿರಗಟ್ಟಲೆ ತಯಾರಿಸುವ ಕಾರ್ಖಾನೆ ಎಲ್ಲಿಂದ ಬರಬೇಕು? ಅದೇ ವರ್ಷದ ಆಗಸ್ಟ್ ಕೊನೆಗೆ ಹೆನ್ರಿ ಟಿಜಾರ್ಡ್ ನೇತೃತ್ವದ ತಂಡವೊಂದು ದೇಶದ ಗುಟ್ಟುಗಳನ್ನೆಲ್ಲ ಒಂದು ಕಪ್ಪು ಪೆಟ್ಟಿಗೆಯಲ್ಲಿ ತುಂಬಿಕೊಂಡು ಅಮೆರಿಕಕ್ಕೆ ಹೊರಟಿತು. ಮ್ಯಾಗ್ನೆಟ್ರಾನ್ ಇದ್ದ ಆ ಪೆಟ್ಟಿಗೆಯ ಜವಾಬ್ದಾರಿ ಹೊತ್ತವನು ಎಡ್ವರ್ಡ್ ಬೋವೆನ್. ಲಂಡನ್ನಿನ ಹೋಟೆಲಿನ ತಿಜೋರಿಯಲ್ಲಿ ಪೆಟ್ಟಿಗೆ ಹಿಡಿಸದೆ ರಾತ್ರಿಯಿಡೀ ಮಂಚದ ಕೆಳಗೆ ಇಟ್ಟುಕೊಂಡ. ಬೆಳಿಗ್ಗೆ ಟ್ಯಾಕ್ಸಿಯವನು ಒಳಗೆ ಇಡಲು ಬಿಡದೆ ಅದನ್ನು ಮೇಲ್ಗಡೆ ಕಟ್ಟಿಸಿದ. ಯೂಸ್ಟನ್ ನಿಲ್ದಾಣದಲ್ಲಿ ಹಮಾಲಿಯೊಬ್ಬ ಹೆಗಲಿಗೇರಿಸಿಕೊಂಡು ಜನಜಂಗುಳಿಯಲ್ಲಿ ಎಷ್ಟು ಜೋರಾಗಿ ನಡೆದನೆಂದರೆ ಬೋವೆನ್ ಹಿಂದೆ ಓಡಬೇಕಾಯಿತು. ಯುದ್ಧದ ದಿಕ್ಕು ಬದಲಿಸಿದ ವಸ್ತು ಹೀಗೆ ಹಮಾಲಿಯ ಹೆಗಲ ಮೇಲೆ ಕಣ್ಮರೆಯಾಗುವುದರಲ್ಲಿತ್ತು! ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಎಕ್ಸ್-ರೇ ತೆಗೆದರೆ ಇನ್ನೊಂದು ಸೋಜಿಗ: ಜೊತೆಗೆ ಬಂದಿದ್ದ ನಕ್ಷೆಯಲ್ಲಿ 6 ತೂತು, ಪೆಟ್ಟಿಗೆಯಲ್ಲಿದ್ದ ಕೊಳವೆಯಲ್ಲಿ 8. ಲಂಡನ್ನಿನಲ್ಲಿ ಯಾರೋ ಸುಧಾರಿಸಿದ್ದರು, ನಕ್ಷೆ ತಿದ್ದಿರಲಿಲ್ಲ.

ಈಗ ಕತೆಗೆ ಪರ್ಸಿ ಸ್ಪೆನ್ಸರ್ ಬರಬೇಕು. 1894ರಲ್ಲಿ ಅಮೆರಿಕದ ಮೇನ್ ರಾಜ್ಯದ ಹೌಲ್ಯಾಂಡ್ ಎಂಬ ಹಳ್ಳಿಯಲ್ಲಿ ಹುಟ್ಟಿದವನು. ಕೂಸಾಗಿದ್ದಾಗಲೇ ತಂದೆ ಹೋದ, ತಾಯಿ ಬಿಟ್ಟುಹೋದಳು, ಚಿಕ್ಕಮ್ಮನ ಮನೆಯಲ್ಲಿ ಬೆಳೆದ. 12ನೇ ವಯಸ್ಸಿಗೆ ಶಾಲೆ ಬಿಟ್ಟು ಗಿರಣಿಗೆ ಸೇರಿದ. ಟೈಟಾನಿಕ್ ಮುಳುಗಿದ ಸುದ್ದಿಯಲ್ಲಿ ವೈರ್‌ಲೆಸ್ಸಿನ ಪಾತ್ರ ಕೇಳಿ ನೌಕಾಪಡೆ ಸೇರಿ, ರಾತ್ರಿ ಪಹರೆಯ ಹೊತ್ತಿನಲ್ಲಿ ಪುಸ್ತಕ ಹಿಡಿದು ಕೂತು ತಾನೇ ಕಲಿತ. ಯುದ್ಧದ ಹೊತ್ತಿಗೆ ಮಸಾಚುಸೆಟ್ಸ್‌ನ ರೇಥಿಯಾನ್ ಕಂಪನಿಯಲ್ಲಿ ಕೊಳವೆ ತಯಾರಿಸುವ ವಿಭಾಗದ ಮುಖ್ಯಸ್ಥ. ಗಟ್ಟಿ ತಾಮ್ರವನ್ನು ಕೂದಲೆಳೆಯ ಲೆಕ್ಕದಲ್ಲಿ ಕೊರೆದು ಒಂದೊಂದೇ ಮ್ಯಾಗ್ನೆಟ್ರಾನ್ ಮಾಡುತ್ತಿದ್ದ ಕಾಲ ಅದು. ತೆಳು ತಾಮ್ರದ ತಗಡಿನಲ್ಲಿ ಆಕಾರವನ್ನು ಒತ್ತಿ ಕತ್ತರಿಸಿ, ಒಂದರ ಮೇಲೊಂದು ಜೋಡಿಸಿ, ನಡುವೆ ಬೆಸುಗೆ ಇಟ್ಟು ಕುಲುಮೆಯಲ್ಲಿ ಕಾಯಿಸಿದರೆ ಆಗದೇ ಎಂದ ಸ್ಪೆನ್ಸರ್. ಆಯಿತು. ಉತ್ಪಾದನೆ ದಿನಕ್ಕೆ 2,600ರವರೆಗೆ ಏರಿತು. ಜೇಬಿನಲ್ಲಿ ಚಾಕಲೇಟ್ ಕರಗಿತೆಂದು ಎಲ್ಲರೂ ಹೇಳುವ ಕತೆಗಿಂತ ನನಗೆ ಈ ತಗಡಿನ ಕತೆಯೇ ದೊಡ್ಡದಾಗಿ ಕಾಣುತ್ತದೆ. ಇದು ಆಗದಿದ್ದರೆ ಮ್ಯಾಗ್ನೆಟ್ರಾನ್ ಅಡುಗೆಮನೆಗೆ ಬರುವಷ್ಟು ಅಗ್ಗವಾಗುವ ದಾರಿಯೇ ಇರಲಿಲ್ಲ.

ಆದರೂ ಚಾಕಲೇಟಿನ ಕತೆ ಹೇಳದೆ ಬಿಡುವಂತಿಲ್ಲ. 1945ರಲ್ಲಿ ಉರಿಯುತ್ತಿದ್ದ ಮ್ಯಾಗ್ನೆಟ್ರಾನಿನ ಮುಂದೆ ನಿಂತಿದ್ದಾಗ ಸ್ಪೆನ್ಸರನ ಜೇಬಿನಲ್ಲಿದ್ದ ಸಿಹಿ ಕರಗಿ ಅಂಟಾಯಿತು. ಅದು ಚಾಕಲೇಟ್ ಅಲ್ಲ, ಕಡಲೆಬೀಜ ಕಟ್ಟಿದ ಮಿಠಾಯಿ, ಅಳಿಲುಗಳಿಗೆ ಹಾಕಲು ಇಟ್ಟುಕೊಂಡಿದ್ದು ಎಂದು ಮೊಮ್ಮಗ ಹೇಳಿದ್ದುಂಟು. ಮ್ಯಾಗ್ನೆಟ್ರಾನಿನ ಎದುರು ಮೈ ಬೆಚ್ಚಗಾಗುವುದು ಅಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತಿದ್ದದ್ದೇ. ರೇಡಿಯೋ ಅಲೆಯಿಂದ ಅಡುಗೆ ಮಾಡಬಹುದೆಂದು ವೆಸ್ಟಿಂಗ್‌ಹೌಸ್ ಕಂಪನಿ 1933ರ ಶಿಕಾಗೋ ಪ್ರದರ್ಶನದಲ್ಲೇ ಮಾಂಸ, ಆಲೂಗಡ್ಡೆ ಬೇಯಿಸಿ ತೋರಿಸಿತ್ತು, ಅದು ಉದ್ದದ ಅಲೆಯಲ್ಲಿ, ದೊಡ್ಡ ಪ್ರಸಾರಯಂತ್ರದ ಫಲಕಗಳ ನಡುವೆ ಇಟ್ಟು. ಸ್ಪೆನ್ಸರನ ಹೆಚ್ಚುಗಾರಿಕೆ ಇಷ್ಟೇ: ಅಂಗಿ ಒರೆಸಿಕೊಂಡು ಸುಮ್ಮನಾಗಲಿಲ್ಲ. ಹುಡುಗನೊಬ್ಬನನ್ನು ಅಂಗಡಿಗೆ ಅಟ್ಟಿ ಜೋಳದ ಕಾಳು ತರಿಸಿದ. ಅವು ಪಟಪಟ ಅರಳಿದವು. ಮರುದಿನ ಪಕ್ಕಕ್ಕೆ ತೂತು ಕೊರೆದ ಕೆಟಲಿನಲ್ಲಿ ಹಸಿ ಮೊಟ್ಟೆ ಇಟ್ಟು, ತೂತಿಗೆ ಮ್ಯಾಗ್ನೆಟ್ರಾನ್ ಹಿಡಿದ. ಮೊಟ್ಟೆ ಅಲುಗಾಡತೊಡಗಿತು. ಏನಾಗುತ್ತಿದೆ ಎಂದು ಬಗ್ಗಿ ನೋಡಿದ ಸಹೋದ್ಯೋಗಿಯ ಮುಖಕ್ಕೆ ಬಿಸಿ ಹಳದಿ ರಾಚಿತು.

ಮೈಕ್ರೋವೇವಿನಲ್ಲಿ ಚಿಪ್ಪಿನೊಳಗಿನ ಮೊಟ್ಟೆ ಇಡಬಾರದೆಂಬ ಮೊದಲ ಪಾಠ ಹೀಗೆ ಓವನ್ ಹುಟ್ಟುವುದಕ್ಕೂ ಮೊದಲೇ ಸಿಕ್ಕಿತು. ಅದೇ 1945ರ ಅಕ್ಟೋಬರ್ 8ರಂದು ಸ್ಪೆನ್ಸರ್ ಪೇಟೆಂಟಿಗೆ ಅರ್ಜಿ ಹಾಕಿದ, 1950ರ ಜನವರಿಯಲ್ಲಿ ಅದು ಕೈಸೇರಿತು. ಹಕ್ಕು ಕಂಪನಿಯದು. ಅವನಿಗೆ ಸಿಕ್ಕಿದ್ದು, ಅಲ್ಲಿಯ ರೂಢಿಯಂತೆ, 2 ಡಾಲರ್ ಬಹುಮಾನ.

ರೇಥಿಯಾನ್ 1947ರಲ್ಲಿ ಮಾರಾಟಕ್ಕೆ ತಂದ ರಾಡಾರೇಂಜ್ ಎಂಬ ಓವನ್ ಆಳೆತ್ತರ ಇತ್ತು. ತೂಕ 340 ಕಿಲೋ, ಬೆಲೆ 5,000 ಡಾಲರಿನ ಆಸುಪಾಸು, ತಂಪಾಗಿಡಲು ನಲ್ಲಿ ನೀರಿನ ಸಂಪರ್ಕ ಬೇರೆ. ಹಡಗು, ರೈಲು, ದೊಡ್ಡ ಹೋಟೆಲುಗಳವರು ಕೊಂಡರು. 1955ರಲ್ಲಿ ಟ್ಯಾಪನ್ ಕಂಪನಿ ಮನೆಬಳಕೆಗೆಂದು ತಂದದ್ದಕ್ಕೆ 1,295 ಡಾಲರ್. ಯಾರು ಕೊಳ್ಳುತ್ತಾರೆ? 1967ರಲ್ಲಿ ಅಮಾನ ಹೆಸರಿನಲ್ಲಿ ಕಟ್ಟೆಯ ಮೇಲೆ ಇಡಬಹುದಾದ ಓವನ್ 495 ಡಾಲರಿಗೆ ಬಂದ ಮೇಲೆ ಕತೆ ಬೇರೆಯಾಯಿತು. ಸ್ಪೆನ್ಸರ್ 1970ರಲ್ಲಿ ತೀರಿಕೊಂಡ.

ರಾಡಾರೇಂಜ್ ಮಾರುಕಟ್ಟೆಗೆ ಬಂದ ಅದೇ 1947ರಲ್ಲಿ, ಸ್ವಾತಂತ್ರ್ಯಕ್ಕೆ ಇನ್ನೇನು ಒಂದು ತಿಂಗಳಿರುವಾಗ, ಕರ್ನಾಟಕದ ಯುವತಿಯೊಬ್ಬರು ಸೈನಿಕರನ್ನು ಸಾಗಿಸುತ್ತಿದ್ದ ಹಳೆಯ ಹಡಗನ್ನೇರಿ ಅಮೆರಿಕಕ್ಕೆ ಹೊರಟಿದ್ದರು. ಹೆಸರು ರಾಜೇಶ್ವರಿ, ಮುಂದೆ ರಾಜೇಶ್ವರಿ ಚಟರ್ಜಿ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಅಲ್ಲಿಂದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ ಪಿಎಚ್‌ಡಿ ಮುಗಿಸಿ 1953ರಲ್ಲಿ ಮರಳಿದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಂದಿಗೆ ಅದೇ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರ ಹೆಸರು ಹೇಳುತ್ತಾರೆ. 1982ರಲ್ಲಿ ನಿವೃತ್ತರಾಗುವವರೆಗೆ ಅವರ ಕೈಯಲ್ಲಿ ಪಳಗಿದವರು ರಾಡಾರ್, ಆಂಟೆನಾ ಕ್ಷೇತ್ರಗಳಲ್ಲಿ ಹರಡಿಹೋದರು. ಅತ್ತ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ 1970ರಲ್ಲಿ ಮೈಕ್ರೋವೇವ್ ಕೊಳವೆಗಳ ತಯಾರಿಕೆ ಶುರುಮಾಡಿತು, ರಕ್ಷಣಾ ಪಡೆಗಳ ರಾಡಾರುಗಳಿಗೆ. ನಮ್ಮ ರಾಜ್ಯದಲ್ಲಿ ಈ ಅಲೆಯ ವಿದ್ಯೆ ಅಡುಗೆಗೆ ಎಷ್ಟೋ ಮೊದಲೇ ಬಂದು ನೆಲೆಸಿತ್ತು. ಅಡುಗೆಯ ಪೆಟ್ಟಿಗೆ ಬಂದದ್ದು 1990ರ ದಶಕದಲ್ಲಿ ಹೊರದೇಶದ ಕಂಪನಿಗಳಿಗೆ ಬಾಗಿಲು ತೆರೆದ ಮೇಲೆ.

ಈಗ ಮೊದಲಿನ ಅನುಮಾನಕ್ಕೆ ಬರೋಣ. ಅಲೆ ಎಂದರೆ ಶಕ್ತಿಯ ಸಣ್ಣ ಸಣ್ಣ ಪೊಟ್ಟಣಗಳ ಹರಿವು. ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಜೀವಕೋಶ ಕೆಡಿಸಬೇಕಾದರೆ ಒಂದೊಂದು ಪೊಟ್ಟಣದಲ್ಲೂ ಸುಮಾರು 10 ಎಲೆಕ್ಟ್ರಾನ್ ವೋಲ್ಟಿನಷ್ಟಾದರೂ ಶಕ್ತಿ ಬೇಕು. ಓವನ್ನಿನ ಅಲೆ ಸೆಕೆಂಡಿಗೆ 245 ಕೋಟಿ ಸಲ ಕಂಪಿಸುತ್ತದೆ. ಅದರ ಪೊಟ್ಟಣದಲ್ಲಿರುವುದು ಆ ಹತ್ತರಲ್ಲಿ 10 ಲಕ್ಷದ ಒಂದು ಪಾಲು. ಕೋಬಾಲ್ಟ್-60 ಬಿಡುವ ಗಾಮಾ ಕಿರಣದ್ದು ಇದರ 10 ಸಾವಿರ ಕೋಟಿ ಪಟ್ಟಿಗೂ ಹೆಚ್ಚು. ಸಣ್ಣ ಪೊಟ್ಟಣಗಳು ಎಷ್ಟೇ ಸೇರಿದರೂ ಕಿತ್ತುಹಾಕುವ ಕೆಲಸ ಅವುಗಳಿಂದ ಆಗದು, ಬಿಸಿ ಮಾಡುವುದಷ್ಟೇ ಆಗುತ್ತದೆ. ಓವನ್ ಬಂದ್ ಆದ ಕ್ಷಣ ಅಲೆಯೂ ಬಂದ್, ಅನ್ನದಲ್ಲಿ ಏನೂ ಉಳಿಯುವುದಿಲ್ಲ. ಇನ್ನೊಂದು ಮಾತು: ಗಾಮಾ ಕಿರಣ ಹಾಯಿಸಿದ ಆಹಾರ ಕೂಡ ವಿಕಿರಣಶೀಲವಾಗುವುದಿಲ್ಲ. 2007ರಿಂದ ಅಮೆರಿಕಕ್ಕೆ ಹೋಗುತ್ತಿರುವ ಭಾರತದ ಮಾವು ಹಾಗೆಯೇ ಕಿರಣ ಹಾಯ್ದು ಹಡಗು, ವಿಮಾನ ಹತ್ತುವುದು. ಕೈಗಾದ ಬಗ್ಗೆ ಏನು ಅಭಿಪ್ರಾಯವಿದ್ದರೂ ಇರಲಿ, ಆ ಲೆಕ್ಕವನ್ನು ಈ ಪೆಟ್ಟಿಗೆಯ ತಲೆಗೆ ಕಟ್ಟಬೇಕಾಗಿಲ್ಲ.

ಬಿಸಿ ಎಂಬುದೇ ಕಮ್ಮಿ ಅಪಾಯವೇನಲ್ಲ ಅನ್ನಿ. ಅಲೆ ಹೊರಬಂದರೆ ನಮ್ಮ ಮೈಯೂ ನೀರಿನದೇ, ಕಣ್ಣಿನ ಮಸೂರ ಬೇಗ ಕೆಡುತ್ತದೆ. ಅದಕ್ಕೇ ಬಾಗಿಲಿನ ಗಾಜಿನ ಹಿಂದೆ ತೂತುತೂತಿನ ತಗಡು. ಒಂದೆರಡು ಮಿಲಿಮೀಟರಿನ ತೂತಿನಿಂದ ಬೆಳಕು ಬರುತ್ತದೆ, 12 ಸೆಂಟಿಮೀಟರಿನ ಅಲೆಗೆ ಅದು ಗೋಡೆಯೇ. ಬಾಗಿಲು ತೆರೆದೊಡನೆ ಯಂತ್ರ ನಿಲ್ಲುವಂತೆ ಒಂದಕ್ಕಿಂತ ಹೆಚ್ಚು ಬೀಗಗಳು. 1971ರಲ್ಲಿ ಅಮೆರಿಕ ಮಿತಿ ಗೊತ್ತುಮಾಡಿತು: ಓವನ್ ಎಷ್ಟೇ ಹಳತಾಗಲಿ, 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವಾಟಿಗಿಂತ ಹೆಚ್ಚು ಸೋರಬಾರದು. ಕೀಲು ಸಡಿಲಾಗಿ ಬಾಗಿಲು ಓರೆಯಾದ ಓವನ್ನನ್ನು ಹಗ್ಗ ಕಟ್ಟಿ ಓಡಿಸಬೇಡಿ. ಕರಾವಳಿಯ ಉಪ್ಪುಗಾಳಿಗೆ ತಗಡು ತುಕ್ಕು ಹಿಡಿಯುವುದು ಬೇಗ, ಬಾಗಿಲಂಚು ಆಗಾಗ ಒರೆಸಿ ನೋಡಿಕೊಳ್ಳಬೇಕು.

ಅಸಲು ತೊಂದರೆ ಇರುವುದು ಪೆಟ್ಟಿಗೆಯೊಳಗೆ. ಬಿಸಿ ಮಾಡಬಹುದೆಂದು ಗೊತ್ತಾಗಲು ಸ್ಪೆನ್ಸರನಿಗೆ ಒಂದು ಜೇಬು ಸಾಕಾಯಿತು. ಸಮನಾಗಿ ಬಿಸಿ ಮಾಡುವುದು ಹೇಗೆಂಬ ಹುಡುಕಾಟ ಮಾತ್ರ ಆಮೇಲೆ ದಶಕಗಟ್ಟಲೆ ನಡೆಯಿತು, ಇನ್ನೂ ಪೂರ್ತಿ ಮುಗಿದಿಲ್ಲ. ಕಾರಣವನ್ನು ಕಣ್ಣಾರೆ ನೋಡಬಹುದು. ಉತ್ತರ ಕನ್ನಡದ ಮನೆಗಳಲ್ಲಿ ಹಲಸಿನ ಹಪ್ಪಳಕ್ಕೆ ಬರವಿಲ್ಲ. ಓವನ್ನಿನೊಳಗಿನ ತಿರುಗುವ ತಟ್ಟೆಯನ್ನೂ ಅದರ ಕೆಳಗಿನ ಚಕ್ರವನ್ನೂ ತೆಗೆದು, ಚಪ್ಪಟೆ ಪಿಂಗಾಣಿ ತಟ್ಟೆಯಲ್ಲಿ ಅಗಲವಾದ ಹಪ್ಪಳ ಅಲುಗದಂತೆ ಇಟ್ಟು, ಅರ್ಧ ನಿಮಿಷ ಓಡಿಸಿ ನಿಲ್ಲಿಸಿ. ಹಪ್ಪಳ ಒಂದೇ ಸಮ ಅರಳಿರುವುದಿಲ್ಲ. ಅಲ್ಲಲ್ಲಿ ಬೆಳ್ಳಗೆ ಉಬ್ಬಿ, ನಡುವೆ ಹಸಿಯಾಗಿಯೇ ಉಳಿದ ಪಟ್ಟೆಗಳು ಕಾಣುತ್ತವೆ. ಲೋಹದ ಗೋಡೆಗಳಿಗೆ ಬಡಿದು ಹಿಂತಿರುಗುವ ಅಲೆ ಬರುವ ಅಲೆಯೊಂದಿಗೆ ಕೂಡಿ ಕೆಲವೆಡೆ ದುಪ್ಪಟ್ಟು, ಕೆಲವೆಡೆ ಸೊನ್ನೆ. ಉಬ್ಬಿದ ಎರಡು ಜಾಗಗಳ ನಡುವಿನ ದೂರ ಅರ್ಧ ಅಲೆ, ಸುಮಾರು 6 ಸೆಂಟಿಮೀಟರು. ಅದನ್ನು ಇಮ್ಮಡಿಸಿ 245 ಕೋಟಿಯಿಂದ ಗುಣಿಸಿದರೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರಿನ ಹತ್ತಿರ ಬರುತ್ತದೆ. ಬೆಳಕಿನ ವೇಗ! ಹೈಸ್ಕೂಲಿನ ಮಕ್ಕಳಿಗೆ ಇದನ್ನು ತೋರಿಸಿದರೆ ಹಪ್ಪಳವೂ ಖರ್ಚಾಗುತ್ತದೆ, ಪಾಠವೂ ಆಗುತ್ತದೆ.

ಈ ಪಟ್ಟೆಗಳ ಕಾಟಕ್ಕೆ ಮೊದಲ ಪರಿಹಾರ, ಅಲೆಯನ್ನು ಚದುರಿಸುವ ಲೋಹದ ಪಂಖ. 1966ರಲ್ಲಿ ಜಪಾನಿನ ಶಾರ್ಪ್ ಕಂಪನಿ ತಿರುಗುವ ತಟ್ಟೆ ತಂದಿತು. ಎರಡರಿಂದಲೂ ಪಟ್ಟೆ ಮಸುಕಾಯಿತೇ ಹೊರತು ಮಾಯವಾಗಲಿಲ್ಲ. ಜೊತೆಗೆ ಇನ್ನೊಂದು ತಪ್ಪು ನಂಬಿಕೆ ಹಬ್ಬಿತು, ಮೈಕ್ರೋವೇವ್ ಒಳಗಿನಿಂದ ಹೊರಕ್ಕೆ ಬೇಯಿಸುತ್ತದೆ ಎಂದು. ಅಲೆ ಆಹಾರದೊಳಗೆ ಇಳಿಯುವುದು ಎರಡು ಮೂರು ಸೆಂಟಿಮೀಟರು ಮಾತ್ರ. ಅಷ್ಟರೊಳಗಿನ ನೀರಿನ ಕಣಗಳು ಅಲೆಯ ದಿಕ್ಕಿಗೆ ತಕ್ಕಂತೆ ಹೊರಳಾಡಲು ಹೋಗಿ ಅಕ್ಕಪಕ್ಕದವನ್ನು ತಿಕ್ಕಿ ಕಾವು ಹುಟ್ಟುತ್ತದೆ. ಅದರಾಚೆಗೆ ಕಾವು ಹರಿದೇ ಹೋಗಬೇಕು, ಒಲೆಯ ಮೇಲಿನ ಹಾಗೆಯೇ. ಗಡ್ಡೆಕಟ್ಟಿದ ಮಂಜಿನಲ್ಲಿ ಕಣಗಳು ಬಿಗಿಯಾಗಿರುವುದರಿಂದ ಅಲೆಯನ್ನು ಅಷ್ಟಾಗಿ ಹೀರುವುದಿಲ್ಲ. ಹೀಗಾಗಿ ಫ್ರೀಜರಿನಿಂದ ತೆಗೆದ ಮೀನಿನ ಅಂಚು ಕರಗಿ ನೀರಾದದ್ದೇ ತಡ, ಆ ನೀರೇ ಕಾವನ್ನೆಲ್ಲ ಕಬಳಿಸಿ ಅಂಚು ಬೇಯುತ್ತದೆ, ನಡು ಇನ್ನೂ ಕಲ್ಲು.

ಇದರ ಬೆಲೆ ಎಷ್ಟೆಂದು 2007ರಲ್ಲಿ ಅಮೆರಿಕ ಕಂಡಿತು. ಮೈಕ್ರೋವೇವಿನಲ್ಲೂ ಬೇಯಿಸಬಹುದೆಂದು ಮಾರುತ್ತಿದ್ದ, ಶೈತ್ಯೀಕರಿಸಿದ ಕೋಳಿ ಕಡುಬಿನಿಂದ 41 ರಾಜ್ಯಗಳ 400 ಮಂದಿಗೆ ಸಾಲ್ಮೊನೆಲ್ಲಾ ತಗುಲಿತು. ಒಳಗಿನದು ಪೂರ್ತಿ ಬೆಂದದ್ದಲ್ಲ, ಮನೆಯಲ್ಲೇ ಬೇಯಬೇಕಾದದ್ದು. ಜನರಿಗೆ ಅದು ಬರೀ ಬಿಸಿಮಾಡುವ ತಿಂಡಿಯಾಗಿ ಕಂಡಿತು. ಹೊರಗೆ ಹಬೆಯಾಡುತ್ತಿದ್ದ ಕಡುಬಿನ ನಡುಭಾಗ ತಣ್ಣಗೇ ಇತ್ತು. ಈಗ ಆಹಾರ ತಜ್ಞರು ಒಂದೇ ಲೆಕ್ಕ ಹೇಳುತ್ತಾರೆ: ಮತ್ತೆ ಬಿಸಿಮಾಡುವ ಅಡುಗೆ ಎಲ್ಲ ಕಡೆಯೂ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ನಡುವೆಯೂ.

ನಮ್ಮ ಕಡೆಯ ಅಡುಗೆಗೆ ಈ ವಿದ್ಯೆ ಹೊಂದಿಸುವುದು ಕಷ್ಟವೇನಲ್ಲ. ನಿನ್ನೆಯ ಮೀನು ಸಾರನ್ನೇ ತೆಗೆದುಕೊಳ್ಳಿ. ಕಾಯಿ ಅರೆದ ದಪ್ಪ ರಸ, ಉಪ್ಪು ಬೇರೆ. ಉಪ್ಪಿದ್ದಲ್ಲಿ ಅಲೆ ಮೇಲ್ಪದರದಲ್ಲೇ ಹೀರಿಹೋಗುತ್ತದೆ, ಅಂಚು ಕುದಿದು ಚಿಮ್ಮುವಾಗ ನಡುವೆ ಬೆರಳಿಡಬಹುದು. ಅಗಲ ಬಾಯಿಯ ತಗ್ಗು ಬೋಗುಣಿಗೆ ಹಾಕಿ, ಹಬೆ ಹೋಗಲು ಸಂದು ಬಿಟ್ಟು ಮುಚ್ಚಿ, ಅರ್ಧ ಹೊತ್ತಿಗೆ ತೆಗೆದು ತಳದಿಂದ ಕದಡಿ ಮತ್ತೆ ಇಡಬೇಕು. ಮುಗಿದ ಮೇಲೂ ಎರಡು ನಿಮಿಷ ಮುಚ್ಚಿಯೇ ಇರಲಿ, ಆ ಹೊತ್ತಿನಲ್ಲಿ ಕಾವು ಒಳಕ್ಕೆ ಹರಿಯುತ್ತದೆ. ಮುಚ್ಚಲು ಬಾಳೆಲೆಗಿಂತ ಒಳ್ಳೆಯದು ಬೇಡ. ಇಡೀ ಬಂಗಡೆ ಬೇಯಿಸುವುದಾದರೆ ದಪ್ಪ ಬೆನ್ನು ತಟ್ಟೆಯ ಹೊರಗಡೆಗೆ, ತೆಳು ಬಾಲ ನಡುವಿಗೆ ಬರುವಂತೆ ಜೋಡಿಸಬೇಕು. ರವೆ ಹಚ್ಚಿ ಹುರಿದ ಮೀನನ್ನು ಮಾತ್ರ ಇದರಲ್ಲಿ ಬಿಸಿಮಾಡಿ ಗರಿಗರಿ ನಿರೀಕ್ಷಿಸಬಾರದು. ಒಳಗಿನ ಗಾಳಿ ತಣ್ಣಗಿರುತ್ತದೆ, ನೀರಿನಂಶದ ಬಿಸಿ 100 ಡಿಗ್ರಿ ದಾಟುವುದಿಲ್ಲ, ಕೆಂಪಗಾಗಲು ಅದು ಸಾಲದು. ಅದಕ್ಕೆ ಕಾವಲಿಯೇ ಬೇಕು. ಸ್ಟೀಲಿನ ಡಬ್ಬಿ, ಐಸ್‌ಕ್ರೀಂ ಬಂದ ಪ್ಲಾಸ್ಟಿಕ್ ಡಬ್ಬಿ ಎರಡೂ ಒಳಗೆ ಹೋಗಬಾರದು. ಕೂಸಿನ ಹಾಲಿನ ಬಾಟಲಿಯೂ ಬೇಡ: ಹೊರಗೆ ಮುಟ್ಟಿದರೆ ಉಗುರುಬೆಚ್ಚಗೆ, ಒಳಗೆ ನಾಲಿಗೆ ಸುಡುವಷ್ಟು.

ಮಳೆಗಾಲದ ಮಾತು ಬೇರೆ ಇದೆ. ಕೈಗಾದ ಕರೆಂಟು ದೂರದೂರಿಗೆ ಹೋಗುತ್ತದೆ, ಗಾಳಿಗೆ ಒಂದು ಮರ ಬಿದ್ದರೆ ಪಕ್ಕದ ಊರಿಗೇ ಕತ್ತಲೆ. ಓವನ್ನಿನಲ್ಲಿ ಕೋಳಿಯೋ ಮೀನೋ ಅರ್ಧ ಬೆಂದಾಗ ಕರೆಂಟು ಹೋದರೆ "ಬರಲಿ, ನೋಡೋಣ" ಎಂದು ಬಿಡಬಾರದು. ಅರೆಬೆಚ್ಚಗಿನ ಮಾಂಸ ಕ್ರಿಮಿಗಳಿಗೆ ಹಬ್ಬ. ಕೂಡಲೇ ಗ್ಯಾಸಿನ ಮೇಲೆ ಮುಗಿಸಬೇಕು. ಓವನ್ನಿನಲ್ಲಿ ಮಂಜು ಕರಗಿಸಿದ್ದಕ್ಕೂ ಇದೇ ಮಾತು. ಕುಚ್ಚಲಕ್ಕಿ ಅನ್ನ ರಾತ್ರಿಯಿಡೀ ಹೊರಗಿದ್ದರೆ, ಕುದಿಯಲ್ಲೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಕ್ರಿಮಿಯ ಬೀಜಗಳು ಮೊಳೆತು ಬಿಡುವ ನಂಜು ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ.

ಬಂಗಡೆ, ತಾರ್ಲೆ, ಸೂರೆ ಮೀನುಗಳಲ್ಲೂ ಅಂಥದೊಂದು ನಂಜಿದೆ. ಇವುಗಳ ಮಾಂಸದಲ್ಲಿ ಹಿಸ್ಟಿಡಿನ್ ಹೆಚ್ಚು. ಬಿಸಿಲಲ್ಲಿ, ಐಸಿಲ್ಲದೆ ಬಿದ್ದಿದ್ದರೆ ಕ್ರಿಮಿಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ತಿಂದ ಒಂದು ತಾಸಿನೊಳಗೆ ಮುಖ ಕೆಂಪೇರಿ, ತಲೆ ಸಿಡಿದು, ಮೈ ತುರಿಸತೊಡಗುತ್ತದೆ. ಕ್ರಿಮಿ ಬೆಂದು ಸತ್ತರೂ ಹಿಸ್ಟಮಿನ್ ಸಾಯುವುದಿಲ್ಲ. ಮೈಕ್ರೋವೇವಿರಲಿ, ಕುಕ್ಕರಿರಲಿ, ಕಟ್ಟಿಗೆ ಒಲೆಯಿರಲಿ, ಅದು ಹಾಗೇ ಉಳಿಯುತ್ತದೆ. ಹಾಗಾಗಿ ಅದನ್ನು ತಡೆಯುವ ಕೆಲಸವೆಲ್ಲ ಪೇಟೆಯಲ್ಲೇ ಮುಗಿಯಬೇಕು: ಬುಟ್ಟಿಯಲ್ಲಿ ಐಸು ಇದೆಯೇ, ಕಿವಿರು ಎತ್ತಿದರೆ ಕೆಂಪಗಿದೆಯೇ, ಕಣ್ಣು ಹೊಳೆಯುತ್ತಿದೆಯೇ ಎಂದು ನೋಡಿ ಕೊಂಡು, ಅಂಕೋಲೆಯಿಂದಲೋ ಕಾರವಾರದಿಂದಲೋ ಬಸ್ಸಿನಲ್ಲಿ ಕೈಗಾ ಕಡೆಯ ಮಲ್ಲಾಪುರಕ್ಕೆ ಒಯ್ಯುವುದಾದರೆ ಐಸಿನ ಜೊತೆಗೇ ಕಟ್ಟಿಸಿಕೊಂಡು, ಮನೆ ಮುಟ್ಟಿದ ಕೂಡಲೇ ಫ್ರಿಜ್ಜಿಗೆ.